ಲೋಟ ಬೇರೆ, ಗಾಳಿ ಒಂದೇ

ಮನೆಯ ಮುಂದಿನ ಕೋಣೆಯೇ ಅವರ ಹೊಲಿಗೆ ಅಂಗಡಿ. ಅತ್ತೆ ಮೆಷಿನ್ ತುಳಿಯುತ್ತಿದ್ದರು, ಸೊಸೆ ಕೆಳಗೆ ಕೂತು ಗುಂಡಿ ಹಚ್ಚುತ್ತಿದ್ದಳು. ಬಿಳಿ ಬಟ್ಟೆಗೆ ಬೀದಿಯ ಧೂಳು ಕೂರುತ್ತದೆಂದು ಕಿಟಕಿ ಸದಾ ಮುಚ್ಚಿರುತ್ತಿತ್ತು.

ಸೊಸೆಗೆ ವಾರಗಟ್ಟಲೆ ಕೆಮ್ಮು. ಸಂಜೆಯಾದರೆ ಸಣ್ಣ ಜ್ವರ. ಸೊರಗಿ, ತನ್ನ ಬಟ್ಟೆಗಳನ್ನೇ ಪಕ್ಕ ಹಿಡಿದು ಹೊಲಿದುಕೊಂಡಿದ್ದಳು. ಅತ್ತೆ ಅವಳ ಲೋಟಕ್ಕೆ ಗುರುತಿಗೆಂದು ಕೆಂಪು ದಾರ ಕಟ್ಟಿದರು. ಪುಟ್ಟ ಮಗಳನ್ನು ಎತ್ತಿಕೊಳ್ಳಲೂ ಬಿಡಲಿಲ್ಲ. ಆ ದಾರ ತನ್ನ ಕತ್ತಿಗೇ ಬಿಗಿದಂತೆ ಅನಿಸುತ್ತಿತ್ತು ಸೊಸೆಗೆ.

ಮನೆಮನೆಗೆ ಬರುವ ನರ್ಸಕ್ಕನ ಕಣ್ಣಿಗೆ ಮೊದಲು ಬಿದ್ದದ್ದೇ ಆ ಲೋಟ.

“ಇದಕ್ಯಾಕಮ್ಮ ದಾರ? ಓಡಿಹೋಗ್ತಿತ್ತಾ?”

“ನಗಬೇಡ ಕಣೇ. ವಾರಗಟ್ಟಲೆ ಕೆಮ್ತಿದಾಳೆ, ಸಂಜೆ ಜ್ವರ ಬೇರೆ. ಇವಳ ಎಂಜಲು ಮಗೂಗೆ ತಗುಲಬಾರದಲ್ಲ.”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ! ಇದು ಕ್ಷಯ ಆಗಿದ್ರೆ ಲೋಟದಿಂದ ಬರಲ್ಲ, ತಟ್ಟೆಯಿಂದ ಬರಲ್ಲ. ಕೆಮ್ಮಿದಾಗ ಗಾಳಿಗೆ ಸೇರುತ್ತೆ. ಮುಚ್ಚಿದ ಕೋಣೇಲಿ ಅಲ್ಲೇ ಉಳಿಯುತ್ತೆ. ಲೋಟ ಬೇರೆ ಇಟ್ರಿ, ಗಾಳಿ ಮಾತ್ರ ಎಲ್ಲರೂ ಒಂದೇ ಕುಡೀತಿದೀರಿ.”

ಅತ್ತೆಯ ಕಾಲು ಗಕ್ಕನೆ ನಿಂತಿತು. “ಅಯ್ಯೋ, ಮಗೂನ ಇಲ್ಲೇ ಮಲಗಿಸ್ತೀನಲ್ಲೇ!”

“ಗಾಬರಿ ಬೇಡ. ಕಿಟಕಿ ತೆಗೀರಿ. ಇವಳು ಬಾಯಿ ಮೂಗಿಗೆ ಬಟ್ಟೆ ಕಟ್ಕೊಳ್ಳಲಿ, ನಿಮ್ಮನೇಲಿ ಬಟ್ಟೆಗೆ ಬರವಾ? ನಾಳೆ ಕಫ ಪರೀಕ್ಷೆ ಮಾಡಿಸೋಣ. ಮಗೂನೂ ತೋರಿಸೋಣ.”

“ಧೂಳು ಬಂದ್ರೆ?”

“ಧೂಳು ಒದರಿದ್ರೆ ಹೋಗುತ್ತೆ.”

ಅತ್ತೆ ಕಿಟಕಿಯ ಚಿಲಕವನ್ನು ಗುದ್ದಿ ತೆಗೆದರು. ಆಮೇಲೆ ಕತ್ತರಿ ಎತ್ತಿಕೊಂಡು ಲೋಟದ ದಾರವನ್ನು ಕಚಕ್ಕನೆ ಕತ್ತರಿಸಿದರು. ಸೊಸೆಯ ಮುಖ ನೋಡಲಿಲ್ಲ.

ಪರೀಕ್ಷೆಯಲ್ಲಿ ಕ್ಷಯವೆಂದೇ ಬಂತು. ಮಗುವಿಗೆ ತಗುಲಿರಲಿಲ್ಲ, ತಗುಲದಿರಲೆಂದು ಅದಕ್ಕೂ ಔಷಧಿ ಕೊಟ್ಟರು. ಕಾಯಿಲೆಯ ಹೆಸರು ಕೇಳಿ ಸೊಸೆಗೆ ಭಯಕ್ಕಿಂತ ಸಮಾಧಾನವೇ ಹೆಚ್ಚಾಯಿತು. ಹೆಸರಿದೆ, ಮದ್ದೂ ಇದೆ.

ಮಾತ್ರೆ ನುಂಗುತ್ತಾ ಬಂದಂತೆ ಜ್ವರ ಬಿಟ್ಟಿತು, ಕೆಮ್ಮು ನಿಂತಿತು. “ಚೆನ್ನಾಗಿದೀನಲ್ಲ ಅತ್ತೆ, ಇನ್ನು ಮಾತ್ರೆ ಯಾಕೆ?”

“ಹೊಲಿದು ಕೊನೇಲಿ ಗಂಟು ಹಾಕದೆ ಬಿಡ್ತೀಯಾ? ಎಲ್ಲಾ ಬಿಚ್ಚಿಕೊಳ್ಳುತ್ತೆ. ಡಾಕ್ಟ್ರು ಸಾಕು ಅನ್ನೋವರೆಗೂ ನುಂಗು.”

ಇನ್ನು ಇವಳಿಂದ ಯಾರಿಗೂ ಹರಡುವುದಿಲ್ಲವೆಂದು ಡಾಕ್ಟರು ಹೇಳಿದ ದಿನ, ಅತ್ತೆ ಮಗುವನ್ನು ತಂದು ಸೊಸೆಯ ಮಡಿಲಿಗೆ ಹಾಕಿದರು. “ಹಿಡ್ಕೊಳ್ಳೇ ನಿನ್ನ ಮಗಳನ್ನ, ನನ್ನ ಸೊಂಟ ಬಿದ್ದುಹೋಯ್ತು.” ತೆರೆದ ಕಿಟಕಿಯಿಂದ ಗಾಳಿ ಬೀಸಿತು. ಬಿಳಿ ಬಟ್ಟೆಯ ಮೇಲೆ ಒಂದಿಷ್ಟು ಧೂಳು ಕೂತಿತು. ಯಾರೂ ಒದರಲು ಏಳಲಿಲ್ಲ.

ನಿಮ್ಮ ಮನೆಯಲ್ಲೂ ಎರಡು ವಾರ ದಾಟಿದ ಕೆಮ್ಮಿದೆಯೇ? ಇವತ್ತೇ ಆರೋಗ್ಯ ಕೇಂದ್ರಕ್ಕೆ ಹೋಗಿ ಕಫ ಪರೀಕ್ಷೆ ಮಾಡಿಸಿ. ಮಾತ್ರೆಯನ್ನು ಅರ್ಧಕ್ಕೆ ಬಿಡಬೇಡಿ. ಕಿಟಕಿ ತೆರೆಯಿರಿ, ಮನೆಯವರನ್ನು ದೂರ ತಳ್ಳಬೇಡಿ.