ಹತ್ತಿ ಪೇಟೆಯ ಬಾಣಂತಿ ಊಟ

ಆದವಾನಿಯ ಹತ್ತಿ ಪೇಟೆಯಲ್ಲಿ ಅಕ್ಕನಾಗಮ್ಮನ ಖಾನಾವಳಿ ಎಂದರೆ ಹೊಳಗುಂದದ ಎತ್ತುಗಳಿಗೂ ಗೊತ್ತಿತ್ತು. ಗಾಡಿ ಹೊಡೆಯುವವನು ತೂಕಡಿಸುತ್ತಿದ್ದರೂ ಅವು ನನ್ನ ಬಾಗಿಲಿಗೇ ಬಂದು ನಿಲ್ಲುತ್ತಿದ್ದವು. ಇವಳು ಜಂಬ ಕೊಚ್ಚುತ್ತಾಳೆ ಅನ್ನುವವರು ಒಮ್ಮೆ ನನ್ನ ಕೈಯ ಜೋಳದ ರೊಟ್ಟಿ ತಿಂದು, ಆಮೇಲೆ ಬಾಯಿ ತೆರೆಯಲಿ. ಗಂಡ ತೀರಿಕೊಂಡ ಮೇಲೆ ಆ ಒಲೆಯ ಮುಂದೆ ಕೂತೇ ಮಗಳು ಪಂಪಮ್ಮನನ್ನು ಬೆಳೆಸಿದೆ, ಕೋಸಗಿಗೆ ಮದುವೆ ಮಾಡಿಕೊಟ್ಟೆ. ಯಾರ ಮುಂದೆಯೂ ಕೈ ಚಾಚಲಿಲ್ಲ.

ಯುದ್ಧ ಶುರುವಾಗುವುದಕ್ಕೆ ಮುಂಚಿನ ಬೇಸಿಗೆಯಲ್ಲಿ ಊರಿಗೆ ಕಾಲರಾ ಬಂತು. ಪೇಟೆಯ ರೀತಿಯೇ ಬದಲಾಯಿತು. ಕಲ್ಲಂಗಡಿ ಹೆಚ್ಚಿ ಮಾರುವವರು ಕಾಣೆಯಾದರು, ಮಿರ್ಚಿ ಕರಿಯುವ ಬಾಣಲೆಗಳು ಬೋರಲು ಬಿದ್ದವು. ಕರ್ಪೂರ, ನಿಂಬೆಹಣ್ಣು, ಉಳ್ಳಾಗಡ್ಡಿ ಮಾತ್ರ ತಂದಷ್ಟೂ ಖಾಲಿಯಾಗುತ್ತಿದ್ದವು. ಬಾವಿಗೆ ಹಾಕಿದ ಕೆಂಪು ಔಷಧಿಯ ಬಣ್ಣ ಕಂಡು ಹೆದರಿದ ಜನ ಕದ್ದುಮುಚ್ಚಿ ಕೆರೆಯ ನೀರು ಹೊತ್ತು ತರುತ್ತಿದ್ದರು. ನೀರು ಕಾಸಿ ಕುಡಿಯಿರಿ ಎಂದು ಊರಲ್ಲಿ ಡಂಗುರ ಹೊಡೆಸಿದರು. ಪೇಟೆಯಲ್ಲಿ ಆ ಮಾತು ಕೇಳಿದವಳು ನಾನೊಬ್ಬಳೇ. ಕೇಳಿದ್ದೇ ಎಡವಟ್ಟಾಯಿತು.

ನಮ್ಮ ಸೀಮೆಯಲ್ಲಿ ಬಿಸಿನೀರು ಕುಡಿಯುವವರು ಬಾಣಂತಿಯರು, ಇಲ್ಲವೇ ಹಾಸಿಗೆ ಹಿಡಿದವರು. ನಾನು ದೊಡ್ಡ ಹಂಡೆಯನ್ನು ಎಲ್ಲರಿಗೂ ಕಾಣುವಂತೆ ಬಾಗಿಲ ಪಕ್ಕದ ಒಲೆಗೆ ಏರಿಸಿ, ಗಾಡಿಯವರ ತಂಬಿಗೆಗೆ ಹಬೆಯಾಡುವ ನೀರು ಸುರಿದೆ. ಅವರು ತಂಬಿಗೆ ನೋಡಿದರು, ನನ್ನ ಮುಖ ನೋಡಿದರು, ಕೈ ತೊಳೆದು ಎದ್ದುಹೋದರು. ಮರುದಿನದಿಂದ ಎಲ್ಲರ ಕೈಯಲ್ಲೂ ಬುತ್ತಿಗಂಟು. ಅಕ್ಕನಾಗಮ್ಮನ ಮನೆಯಲ್ಲಿ ಯಾರಿಗೋ ಕಾಲರಾ ಹತ್ತಿದೆ, ಅದಕ್ಕೇ ನೀರು ಕಾಸುತ್ತಾಳೆ ಎಂದು ಪೇಟೆ ತುಂಬ ಸುದ್ದಿಯಾಯಿತು. ಥೂ, ಇವರ ಬುದ್ಧಿಗಿಷ್ಟು ಬೆಂಕಿ ಹಾಕ!

ಖಾನಾವಳಿಯ ಜಾಗ ಹತ್ತಿ ವ್ಯಾಪಾರಿ ಮರಿಬಸಪ್ಪನದು. ಒಂದು ಮಧ್ಯಾಹ್ನ ಅವನೇ ಬಂದು ಖಾಲಿ ಮಣೆಗಳನ್ನು ನೋಡಿದ.

“ನಾಗಮ್ಮ, ಉಣ್ಣಾಕ ಬರೋರ ಇಲ್ಲ. ಸುಮ್ನ ಯಾಕ ಒಲಿ ಉರಸ್ತಿ? ಅಮಾಸಿ ಒಳಗ ಬೀಗದ ಕೈ ಕೊಡು. ಹತ್ತಿ ಅಂಡಿಗಿ ಇಡಾಕ ನನಗ ಜಾಗ ಬೇಕಾಗೇತಿ.”

“ಈ ಬ್ಯಾನಿ ಒಂದು ಹೋಗ್ಲಿ ಸಾವ್ಕಾರ್ರ, ಜನ ತಾವ ಬರ್ತಾರ.”

“ತಣ್ಣೀರು ಇಡು, ಇವತ್ತ ಬರ್ತಾರ” ಎಂದು ಹೊರಟುಹೋದ.

ಇಡಬಹುದಿತ್ತು. ಆದರೆ ಹೆರಿಗೆಗೆಂದು ತವರಿಗೆ ಬಂದ ಪಂಪಮ್ಮ ಒಳಕೋಣೆಯಲ್ಲಿ ಬಾಣಂತಿ. ಮಗಳಿಗೆ ಒಂದು ನೀರು, ನಂಬಿ ಉಣ್ಣಲು ಕೂತವರಿಗೆ ಇನ್ನೊಂದು ನೀರು ಕೊಡುವ ಜಾತಿಯವಳಲ್ಲ ನಾನು. ಆದರೂ ಈ ಒಲೆ ಹೋದರೆ ಈ ವಯಸ್ಸಿನಲ್ಲಿ ಯಾರ ಮನೆಯ ಒಲೆ ಊದಲಿ?

ಮರುದಿನ ಪಂಪಮ್ಮನಿಗೆಂದು ತುಪ್ಪದಲ್ಲಿ ಬೆಳ್ಳುಳ್ಳಿ ಹುರಿಯುತ್ತಿದ್ದೆ. ಎದುರಿನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದ್ದ ಹೊಳಗುಂದದ ಗಾಡಿಯವ ಉರುಕುಂದಪ್ಪ ಎದ್ದು ಮೆಲ್ಲಗೆ ಹೊಸ್ತಿಲವರೆಗೆ ಬಂದ.

“ಅಕ್ಕಾ, ಏನಿದು ವಾಸನಿ?”

“ಬಾಣಂತಿ ಊಟ. ಮಗಳು ಹಡದು ಒಳಗ ಅದಾಳ.”

“ಹಂಗಾರ ಹಂಡೇದಾಗಿನ ಬಿಸಿನೀರು ಆಕಿಗೇನು?”

“ಆಕಿಗೂ ಅದ, ನನಗೂ ಅದ, ಉಣ್ಣಾಕ ಬಂದ್ರ ನಿನಗೂ ಅದ.”

ಅವನು ಜೊಲ್ಲು ನುಂಗಿಕೊಂಡ. “ನನ್ನ ಹೇಣ್ತಿದು ಐದು ಬಾಣಂತನ ಆದ್ವು. ನಮ್ಮವ್ವ ಒಂದು ತುತ್ತರ ಕೊಟ್ಟಾಳೇನು? ಗಂಡಸರು ಉಣ್ಣೋದಲ್ಲ ಅಂತ ಬಾಗಲಾ ಹಾಕ್ಕೊಂಡು ಬಡಸ್ತಿದ್ಲು.”

ಆಹಾ! ನಮ್ಮ ಕಡೆ ಯಾವ ಗಂಡಸು ಬಾಣಂತಿ ಕೋಣೆಯ ಬಾಗಿಲಲ್ಲಿ ಮೂಗು ಅರಳಿಸಿ ನಿಂತಿಲ್ಲ? ಯಾವ ಅತ್ತೆ ಅವನನ್ನು ಗದರಿಸಿ ಓಡಿಸಿಲ್ಲ? ಮರುದಿನ ಬಿಸಿಲೇರುತ್ತಿದ್ದಂತೆ ಸೆರಗು ಸಿಕ್ಕಿಸಿ ಬೀದಿಯಲ್ಲಿ ನಿಂತೆ.

“ಕೇಳ್ರಪ್ಪೋ! ಇವತ್ತಿಂದ ನನ್ನ ಕಡೆ ಬಾಣಂತಿ ಊಟ! ಬಿಸಿ ರೊಟ್ಟಿ, ಮೆಣಸು ಬೆಳ್ಳುಳ್ಳಿ ಸಾರು, ತುಪ್ಪ, ಕೊಬ್ಬರಿ ಖಾರ! ಕುಡಿಯಾಕ ಓಂಕಾಳು ಹಾಕಿ ಕುದಿಸಿದ ನೀರು. ತಣ್ಣೀರು ಕೇಳಿದವರಿಗೆ ಊಟ ಇಲ್ಲ!”

ಒಳಗಿನಿಂದ ಪಂಪಮ್ಮ ಕೂಗಿದಳು. “ಯವ್ವಾ, ಹಡದಾಕಿ ನಾನು, ಉಣ್ಣೋರು ಅವರಾ?”

ಪೇಟೆಯೆಲ್ಲ ನಕ್ಕಿತು. ಒಳಗೆ ಬಾಣಂತಿಯೇ ಇದ್ದಾಳೆ, ರೋಗಿಯಲ್ಲ ಎಂದು ಅವಳ ದನಿಯೇ ಹೇಳಿತು. ಮೊದಲು ಉರುಕುಂದಪ್ಪ ಬಂದು ಕೂತ. ರುಮಾಲನ್ನು ಬಾಣಂತಿಯಂತೆ ಕಿವಿ ಮುಚ್ಚಿ ಕಟ್ಟಿಕೊಂಡಿದ್ದ. “ಏನಪಾ, ಗಂಡೋ ಹೆಣ್ಣೋ?” ಎಂದು ಚೇಷ್ಟೆ ಮಾಡಿದವನೂ ಅವನ ಪಕ್ಕದಲ್ಲೇ ಕೂತು ರೊಟ್ಟಿ ಮುರಿದ. ಆ ವಾರ ಮುಗಿಯುವಷ್ಟರಲ್ಲಿ ಮಣೆ ಸಾಲದೆ ಜನ ಗೋಣಿಚೀಲ ಹಾಸಿಕೊಂಡು ಕೂತರು. ಬೆವರು ಸುರಿಸುತ್ತ, ಬೈಯುತ್ತ, ಬಿಸಿನೀರನ್ನು ಊದಿ ಊದಿ ಕುಡಿದರು.

ಅಮಾವಾಸ್ಯೆಯ ದಿನ ಮರಿಬಸಪ್ಪ ಬಂದ. ಬಿಸಿಲಿಗೆ ಅವನ ಹಣೆಯ ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು. ತುಂಬಿದ ಸಾಲನ್ನು ನೋಡಿದರೂ ನೋಡದವನಂತೆ ಕೈ ನೀಡಿದ.

“ಮಾತು ಮಾತ ನಾಗಮ್ಮ. ಬೀಗದ ಕೈ ತಾ. ಅದಕ್ಕೂ ಮೊದಲ ಒಂದು ತಂಬಿಗಿ ತಣ್ಣೀರು ಕೊಡು, ಬಾಯಿ ಒಣಗೇತಿ.”

ಉಣ್ಣುತ್ತಿದ್ದವರ ಕೈ ನಿಂತಿತು. ಒಳಗೆ ಮುಚ್ಚಿಟ್ಟ ಗಡಿಗೆಯಲ್ಲಿ ಕಾಸದ ನೀರಿತ್ತು. ಒಂದು ತಂಬಿಗೆ ಕೊಟ್ಟು ಯಜಮಾನನನ್ನು ಒಲಿಸಿಕೊಳ್ಳುವುದು ಎಷ್ಟರ ಮಾತು? ಸೊಂಟದ ಬೀಗದ ಕೈ ಬಿಚ್ಚಿ ಅವನ ಮುಂದೆ ಹಿಡಿದೆ.

“ಇದನ್ನ ತಗೊಳ್ರಿ ಸಾವ್ಕಾರ್ರ, ಜಾಗ ನಿಮ್ಮದು. ತಣ್ಣೀರು ಮಾತ್ರ ಕೊಡಂಗಿಲ್ಲ. ನನ್ನ ಮನಿ ನೀರು ಕುಡದು ನೀವು ಬಿದ್ರ, ಈ ಒಲಿ ಇದ್ದರೇನು, ಹೋದರೇನು?”

ಅವನು ಚಾಚಿದ ಕೈ ಹಿಂದಕ್ಕೆ ತೆಗೆದ. ಉರುಕುಂದಪ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಪೇಟೆಯ ದೊಡ್ಡ ಸಾಹುಕಾರ ಚಪ್ಪಲಿ ಕಳಚಿ, ಗಾಡಿಯವರ ಸಾಲಿನಲ್ಲಿ ಗೋಣಿಚೀಲದ ಮೇಲೆ ಕೂತ. ನಾನು ಬಡಿಸಿದೆ. ಅವನು ಬಿಸಿನೀರು ಊದಿ ಕುಡಿದ, ಸಾರಿನಲ್ಲಿ ರೊಟ್ಟಿ ಅದ್ದಿದ, ತಲೆ ತಗ್ಗಿಸಿ ಉಂಡ.

“ನನ್ನ ತಂಗಿ ಹುಟ್ಟಿದಾಗ ನಮ್ಮವ್ವ ಇದನ್ನ ಒಂದು ತುತ್ತು ನನಗ ಕದ್ದು ಕೊಟ್ಟಿದ್ಲು” ಎಂದ. ದನಿ ಸಣ್ಣದಾಗಿತ್ತು.

ಬೀಗದ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು. “ಇನ್ನೊಂದು ರೊಟ್ಟಿ ಹಾಕ್ಲೇನ್ರೀ?” ಎಂದೆ.

“ಹಾಕು. ಇನ್ನ ಮುಂದೂ ಇಲ್ಲಿ ನೀನ ಹಾಕಬೇಕು.”

ಬೀಗದ ಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ಕೂತೆ. ಅಷ್ಟು ಜನರ ಎದುರಿಗೇ ನನಗೆ ಅಳು ಒತ್ತರಿಸಿ ಬಂತು. ಅಳುತ್ತಲೇ ರೊಟ್ಟಿ ಬಡಿದೆ. ನೋಡಬೇಕಿತ್ತು ನೀವು, ಅಂಚು ಎಲ್ಲೂ ಹರಿಯಲಿಲ್ಲ.