ಹಿಮದ ಹಲಗೆಯ ಮೇಲೆ ತೆಂಗಿನಕಾಯಿ

ಉಮರ್ಗಾದ ಜೂನಿಯರ್ ಕಾಲೇಜಿನಲ್ಲಿ ವಿಜಯಶ್ರೀ ಒಂಬತ್ತು ವರ್ಷಗಳಿಂದ ತಾಸಿನ ಲೆಕ್ಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ತಾಸು ಮುಗಿದೊಡನೆ ಸಂಸ್ಥೆಯ ದೃಷ್ಟಿಯಲ್ಲಿ ಅವಳು ಇಲ್ಲವಾಗುತ್ತಿದ್ದಳು. ಮರುದಿನ ಗಂಟೆ ಬಾರಿಸಿದಾಗ ಮತ್ತೆ ಹುಟ್ಟುತ್ತಿದ್ದಳು. ಈ ವರ್ಷ ಒಂದೇ ಒಂದು ಕಾಯಂ ಹುದ್ದೆ ಮಂಜೂರಾಗಿತ್ತು. ವಿಜ್ಞಾನ ಪ್ರದರ್ಶನದಲ್ಲಿ ಯಾವ ಪ್ರಯೋಗವನ್ನು ಪರೀಕ್ಷಕರು ಅತ್ಯುತ್ತಮವೆಂದು ಬರೆದುಕೊಡುವರೋ, ಅದನ್ನು ರಚಿಸಿದವರಿಗೆ ಆ ಹುದ್ದೆಯೆಂದು ಸಂಸ್ಥೆಯ ಅಧ್ಯಕ್ಷ ದಿಗಂಬರಪ್ಪನವರು ಲಿಖಿತವಾಗಿ ಸಾರಿದ್ದರು. ದಿಗಂಬರಪ್ಪನವರು ಲಿಖಿತವಾಗಿ ಸಾರಿದ ಪ್ರತಿಯೊಂದರ ಹಿಂದೆಯೂ ಅಲಿಖಿತವಾದ ಒಬ್ಬ ಸೋದರಳಿಯ ಇರುತ್ತಾನೆಂಬುದು ಊರಿಗೆ ತಿಳಿದ ಸಂಗತಿ. ಸೋದರಳಿಯನ ಹೆಸರು ನೀಲೇಶ.

ಸಮುದ್ರವೆಂದರೆ ಮಾಕಣಿಯ ಅಣೆಕಟ್ಟಿನ ಹಿನ್ನೀರೆಂದು ತಿಳಿದ ಸೀಮೆಯಲ್ಲಿ ವಿಜಯಶ್ರೀ ದಕ್ಷಿಣ ಧ್ರುವವನ್ನು ಕಟ್ಟಿದ್ದಳು. ಉದಗೀರದ ಹೋಟೆಲೊಂದರಲ್ಲಿ ಮೀನುಗಳು ಸತ್ತು ಬರಿದಾಗಿದ್ದ ಆರಡಿ ಉದ್ದದ ಗಾಜಿನ ತೊಟ್ಟಿಯನ್ನು ತರಿಸಿ, ಅದರ ಒಂದು ತುದಿಗೆ ಸಿಮೆಂಟಿನ ಇಳಿಜಾರು ಮಾಡಿದ್ದಳು, ಅದು ನೆಲ. ತೊಟ್ಟಿಯ ತುಂಬ ತಣ್ಣನೆಯ ಉಪ್ಪುನೀರು, ಅದು ಕಡಲು. ಒಂದು ಅಂಚು ನೆಲದ ಮೇಲೆ ಕೂತು ಉಳಿದದ್ದು ನೀರಿನ ಮೇಲೆ ತೇಲುವಂತೆ ಮಂಜುಗಡ್ಡೆಯ ಹಲಗೆಯೊಂದನ್ನು ಇಡಬೇಕು. ಪಕ್ಕದಲ್ಲಿ, ಸ್ನಾನದ ನೀರು ಕಾಯಿಸುವ ತಾಮ್ರದ ಬಂಬದಲ್ಲಿ ಇನ್ನಷ್ಟು ಉಪ್ಪು ಬೆರೆಸಿದ, ಕೆಂಪು ಬಣ್ಣ ಹಾಕಿದ ಉಗುರುಬೆಚ್ಚಗಿನ ನೀರು. ಹೊಲಕ್ಕೆ ಹನಿ ಬಿಡುವ ಕೊಳವೆಯ ಮೂಲಕ ಅದು ತೊಟ್ಟಿಯ ತಳಕ್ಕೆ ಹೋಗುತ್ತದೆ, ತಳದಲ್ಲೇ ತೆವಳುತ್ತದೆ, ಇಳಿಜಾರು ಹತ್ತಿ ಹಿಮದ ಹೊಟ್ಟೆಯನ್ನು ಮುಟ್ಟುತ್ತದೆ.

ಮಂಜುಗಡ್ಡೆಯನ್ನು ಅವಳ ತಂದೆ ಖಂಡೆಪ್ಪ ನಿಲಂಗಾದ ಬರ್ಫದ ಕಾರಖಾನೆಯಿಂದ ಟೆಂಪೊದಲ್ಲಿ ತಂದರು. ಕುರಿ ಕಾಯ್ದು ಬೆಳೆದ ಮನುಷ್ಯ; ಹಲಗೆಯನ್ನು ಎರಡು ಕರಿಕಂಬಳಿಗಳಲ್ಲಿ ಸುತ್ತಿದ್ದರು.

"ಏ ಖಂಡೆಪ್ಪ, ಬುದ್ಧಿ ಅದನೋ ಇಲ್ಲೋ?" ಎಂದರು ದಿಗಂಬರಪ್ಪ. "ಬರ್ಫಕ್ಕ ಕಂಬಳಿ ಹೊಚ್ಚಿದ್ರ ಕರಗಂಗಿಲ್ಲೇನು?"

"ಕಂಬಳಿಗಿ ತನ್ನದು ಅಂತ ಬಿಸಿ ಇಲ್ರೀ ಮಾಲಕರ. ನಮ್ಮ ಮೈ ಬಿಸಿ ಕಾಯ್ತದ, ಬರ್ಫದ ತಂಪೂ ಕಾಯ್ತದ. ಬಿಚ್ಚಿ ತೋರಿಸ್ತೀನಿ, ನೋಡ್ರಿ."

ಗಡ್ಡೆ ಅಂಚು ಮುಕ್ಕಾಗದೆ ಬಂದಿತ್ತು. ದಿಗಂಬರಪ್ಪ ವಿಷಯ ಬದಲಿಸಿ ವಿಜಯಶ್ರೀಯ ಕಡೆ ತಿರುಗಿದರು. ಕಲಿಸುವ ಹೆಂಗಸರೆಲ್ಲ ಅವರ ಬಾಯಲ್ಲಿ ಬರೀ 'ಬಾಯಿ'.

"ಇದು ಹ್ಯಾಂಗ ನಡೀತದ, ಬಾಯಿ?"

"ಬಿಸಿ ಕಡಲನೀರು ಕೆಳಗಿಂದ ಹೋಗಿ ಹಿಮಾನ ತಿಂತದ ರೀ. ಮ್ಯಾಲ ಏನೂ ಕಾಣಂಗಿಲ್ಲ. ತೇಲೋ ಹಲಗಿ ಹಿಂದಿನ ನೆಲದ ಹಿಮಕ್ಕ ಆನಿಕಿ, ಆಸರ ಇದ್ದಂಗ. ಅದು ಮುರಿದ್ರ ಹಿಂದಿಂದೆಲ್ಲ ಕಡಲಿಗಿ ಜಾರ್ತದ."

"ಬಿಸಿನೀರು ಕೆಳಗ? ನಮ್ಮ ಮನ್ಯಾಗ ಗೀಜರ್ ಅದ. ಬಿಸಿ ಯಾವಾಗ್ಲೂ ಮ್ಯಾಲ."

"ನಿಮ್ಮ ಗೀಜರ್‌ದಾಗ ಉಪ್ಪಿಲ್ರೀ. ಉಪ್ಪು ಹೆಚ್ಚಾದ್ರ ನೀರು ಭಾರ ಆಗ್ತದ, ಬಿಸಿ ಇದ್ರೂ ಕೆಳಗ ಕೂಡತದ."

ದಿಗಂಬರಪ್ಪ ಕ್ಷಣಕಾಲ ಯೋಚಿಸಿದರು. ಅವರ ಯೋಚನೆಗೆ ಅಷ್ಟು ಸಮಯ ಸಾಕಾಗುತ್ತಿತ್ತು. "ಬರ್ಫ ಕರಗಸೋದು ಸೂರ್ಯ. ಒಂದು ದೊಡ್ಡ ಹ್ಯಾಲೊಜನ್ ದೀಪ ಮ್ಯಾಲ ಕಟ್ರಿ. ಮತ್ತ, ಹೇಳವ್ರು ನೀಲೇಶ ಇರ್ಲಿ. ಅವಂದು ಆವಾಜ ಛಲೋ ಅದ. ನೀ ಮೂರನೇ ಸಾಲಿನ್ಯಾಗ ಕೂಡು."

ರಾತ್ರಿಯಿಡೀ ಕಂಬಳಿಯಲ್ಲಿದ್ದ ಹಲಗೆಯನ್ನು ಮರುದಿನ ಬೆಳಿಗ್ಗೆ ತೊಟ್ಟಿಗಿಳಿಸುವಾಗ ಮುಂದೆ ಫಲಕ ನಿಂತಿತ್ತು: 'ರಚನೆ: ಪ್ರಾಧ್ಯಾಪಕ ನೀಲೇಶ.' ವಿಜಯಶ್ರೀಯ ಒಂಬತ್ತು ವರ್ಷಗಳು ಅದರಲ್ಲಿ ಅರ್ಧವಿರಾಮದಷ್ಟು ಜಾಗವನ್ನೂ ಪಡೆದಿರಲಿಲ್ಲ. ಪರೀಕ್ಷಕಿ ಆ ಫಲಕವನ್ನು ನೋಡಿಯೇ ಹೆಸರು ಬರೆದುಕೊಂಡು ಹೋಗುವರೆಂಬುದು ಅವಳಿಗೆ ಗೊತ್ತಿತ್ತು. ಆ ಹೆಸರು ಒಮ್ಮೆ ವರದಿಯಲ್ಲಿ ಕೂತರೆ ತಾನು ಮುಂದಿನ ಒಂಬತ್ತು ವರ್ಷವೂ ಗಂಟೆಗೊಮ್ಮೆ ಹುಟ್ಟಬೇಕೆಂಬುದೂ ಗೊತ್ತಿತ್ತು.

ಪರೀಕ್ಷಕಿ ಮಾಣಿಕಮ್ಮ ಉದಗೀರದವರು. ಹಡಗಿನಲ್ಲಿ ಎರಡು ಬಾರಿ ದಕ್ಷಿಣ ಧ್ರುವಖಂಡದ ಅಂಚಿನವರೆಗೆ ಹೋಗಿಬಂದ ನಿವೃತ್ತ ವಿಜ್ಞಾನಿ. ಹತ್ತು ಗಂಟೆಗೆ ಸರಿಯಾಗಿ ಬಂದರು. ಇದೇ ಅವರಿಂದಾದ ತಪ್ಪು. ನಮ್ಮ ಕಡೆ ಹತ್ತು ಗಂಟೆಯ ಸಮಾರಂಭಕ್ಕೆ ಹತ್ತು ಗಂಟೆಗೆ ಬಂದವರು ಉಳಿದವರೆಲ್ಲರ ಸತ್ಕಾರವನ್ನು ನೋಡಬೇಕಾಗುತ್ತದೆ. ಶಾಲು, ಶ್ರೀಫಲ, ಜರಿಯ ಫೇಟಾ. ಮೊದಲು ಮುಖ್ಯ ಅತಿಥಿಯ ಸತ್ಕಾರ. ಆಮೇಲೆ ಸತ್ಕಾರ ಮಾಡಿದವರ ಸತ್ಕಾರ. ಹೆಸರು ಬಿಟ್ಟುಹೋದವರು ಮುಖ ಬಿಗಿದಾಗ ಅವರ ವಿಶೇಷ ಸತ್ಕಾರ. ಮೈಕು ಕಟ್ಟಿದವನಿಗೂ ಫೇಟಾ ಬಂತು, ವಿಜಯಶ್ರೀಗೆ ಬರಲಿಲ್ಲ.

ಬಂಬದ ನಲ್ಲಿಯನ್ನು ಪರೀಕ್ಷಕರು ಎದುರಿಗೆ ಬಂದು ಕೂತ ಮೇಲೆ, ಬರೀ ಇಪ್ಪತ್ತು ನಿಮಿಷ ಬಿಡಬೇಕೆಂದು ಅವಳು ನೀಲೇಶನಿಗೆ ಮೂರು ಸಲ ಹೇಳಿದ್ದಳು. ನೀಲೇಶ ಹತ್ತೂಕಾಲಿಗೆ ಫೋಟೊದವನಿಗಾಗಿ ನಲ್ಲಿ ತಿರುಗಿಸಿ, ಗಂಭೀರವಾಗಿ ನಿಂತು, ಹಾಗೆಯೇ ಬಿಟ್ಟುಬಂದ. ಫೋಟೊ ಚೆನ್ನಾಗಿ ಬಂತು. ಬಂಬದ ನೀರು ಕಡಿಮೆಯಾದಂತೆ ಕಾಲೇಜಿನ ಸಿಪಾಯಿಯೊಬ್ಬ ನಿಷ್ಠೆಯಿಂದ ಉಪ್ಪುನೀರು ತುಂಬುತ್ತ ಹೋದ. ತುಂಬಬೇಡವೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಹನ್ನೆರಡು ದಾಟಿತು. ಮೂರನೇ ಸಾಲಿನಲ್ಲಿ ಖಂಡೆಪ್ಪ ಮಗಳ ಕಡೆ ವಾಲಿದರು.

"ವಿಜಿ, ನಿನ್ನ ಬರ್ಫ ಮ್ಯಾಲಿಂದ ದೇವಣಿ ಎತ್ತಿನ ಬೆನ್ನಿನಂಗ ಕಾಣ್ತದ. ಗಾಜಿನ್ಯಾಗ ಕೆಳಗ ನೋಡು."

"ನೋಡ್ಲಕತ್ತೀನಿ, ಅಪ್ಪಾ."

"ಉಣ್ಣೆ ತುಂಬಿದ ಕುರಿ ಹಂಗೇ. ದೂರದಿಂದ ದಪ್ಪ. ಕೈ ಹಾಕಿದ್ರ ಬರೇ ಎಲುಬು."

ಹಲಗೆಯ ಹೊಟ್ಟೆ ಗುಹೆಯಾಗಿತ್ತು. ನೆಲವನ್ನು ಬಿಟ್ಟು ನೀರಿಗಿಳಿಯುವಲ್ಲಿ ಅದು ರೊಟ್ಟಿಯಷ್ಟು ತೆಳ್ಳಗಾಗಿತ್ತು. ಮೇಲೆ ಹ್ಯಾಲೊಜನ್ ಸೂರ್ಯ ಉರಿಯುತ್ತಿದ್ದ. ಅವನಿಂದ ಒಂದಿಷ್ಟು ಬೆವರು ಒಸರಿ, ಹಲಗೆ ಮೊದಲಿಗಿಂತ ಹೆಚ್ಚು ಹೊಳೆಯುತ್ತಿತ್ತು. ವಿಜಯಶ್ರೀ ಎದ್ದು ವೇದಿಕೆಯ ಅಂಚಿಗೆ ಹೋದಳು.

"ಅಧ್ಯಕ್ಷರ, ನಲ್ಲಿ ಬಂದ್ ಮಾಡಸ್ರಿ. ಹಲಗಿ ಕೆಳಗ ಪೋಕಳ, ಬರೇ ಟೊಳ್ಳ ಆಗ್ಯಾದ."

"ಬಾಯಿ, ಸತ್ಕಾರ ನಡದದ. ನಡುವ ಮಾತಾಡಬಾರ್ದು," ಎಂದರು ದಿಗಂಬರಪ್ಪ, ನಗುಮುಖ ಕೆಡಿಸಿಕೊಳ್ಳದೆ. "ಮ್ಯಾಲ ನೋಡು, ಸಂಗಮರವರಿ ಕಲ್ಲಿನಂಗ ಹೊಳೀಲಕತ್ತದ."

ಒಂದು ಗಂಟೆಯ ಹೊತ್ತಿಗೆ ಮಾಣಿಕಮ್ಮನವರನ್ನು ತೊಟ್ಟಿಯ ಬಳಿ ಕರೆತಂದರು. ಬಿಳಿಯ ಬಟ್ಟೆಗಳ ಗಣ್ಯರೆಲ್ಲ ಮುಂದೆ ಸೇರಿದರು. ನೀಲೇಶ ಛಲೋ ಆವಾಜಿನಲ್ಲಿ, ಸೂರ್ಯನ ತಾಪದಿಂದ ಹಿಮ ಮೇಲಿನಿಂದ ಕರಗುವ ಬಗೆಯನ್ನು ವಿವರಿಸಿದ.

"ಹೌದಾ," ಎಂದರು ಮಾಣಿಕಮ್ಮ. "ಮತ್ತ ತಳದಾಗ ಈ ಕೆಂಪು ನೀರು ಯಾಕದ?"

ನೀಲೇಶ ಸೋದರಮಾವನ ಮುಖ ನೋಡಿದ. "ಅದು ಡೆಕೋರೇಶನ್ ರೀ, ಮ್ಯಾಡಮ್."

ಮಾಣಿಕಮ್ಮ ಬಗ್ಗಿ ಗಾಜಿಗೆ ಮುಖ ಹಚ್ಚಿದರು. ಬಹಳ ಹೊತ್ತು ಹಾಗೆಯೇ ಇದ್ದರು. ಅವರು ಇನ್ನೊಂದು ಪ್ರಶ್ನೆ ಕೇಳುವ ಮೊದಲು ಉದ್ಘಾಟನೆ ಮುಗಿಸಿಬಿಡುವುದು ಒಳಿತೆಂದು ದಿಗಂಬರಪ್ಪನವರಿಗೆ ಹೊಳೆಯಿತು. ಬೋರ್‌ವೆಲ್ ಇರಲಿ, ಟ್ರ್ಯಾಕ್ಟರ್ ಇರಲಿ, ದಕ್ಷಿಣ ಧ್ರುವವೇ ಇರಲಿ, ಕಾಯಿ ಒಡೆಯದೆ ನಮ್ಮಲ್ಲಿ ಏನೂ ಆರಂಭವಾಗುವುದಿಲ್ಲ. ಕಾಯಿ ಬಂತು. ಒಡೆಯಲು ಕಲ್ಲಿರಲಿಲ್ಲ, ಸುತ್ತಲೂ ಜಮಖಾನೆ ಹಾಸಿತ್ತು. ಕಣ್ಣಳತೆಯಲ್ಲಿ ಗಟ್ಟಿಯಾಗಿ ತೋರುವ ವಸ್ತು ಒಂದೇ ಇತ್ತು.

"ಅದರ ಮ್ಯಾಲ ಬ್ಯಾಡ್ರೀ," ಎಂದಳು ವಿಜಯಶ್ರೀ ಹಿಂದಿನಿಂದ.

"ನಿಲಂಗಾದಿಂದ ಟೆಂಪೊದಾಗ ಕುಣಕೊಂತ ಬಂದದ, ಏನೂ ಆಗಿಲ್ಲ," ಎಂದು ದಿಗಂಬರಪ್ಪ ಎರಡೂ ಕೈಯೆತ್ತಿ ಕಾಯಿಯನ್ನು ಅಪ್ಪಳಿಸಿದರು.

ಕಾಯಿ ಒಡೆಯಲಿಲ್ಲ, ಧ್ರುವ ಒಡೆಯಿತು. ಹಲಗೆ ನೆಲದ ಅಂಚಿನಲ್ಲಿ ಪಟ್ಟನೆ ತುಂಡಾಗಿ, ತಲೆಕೆಳಗಾಗಿ ಮಗುಚಿ, ತಳದ ಕೆಂಪು ನೀರನ್ನೆಲ್ಲ ಎಬ್ಬಿಸಿ ಗಣ್ಯರ ಮೇಲೆ ಸುರಿಯಿತು. ಧೋತರ, ಶರ್ಟು, ಶಾಲು ಎಲ್ಲವೂ ಒಂದೇ ಬಣ್ಣಕ್ಕೆ ಬಂದವು. ಸಕ್ಕರೆ ಕಾರ್ಖಾನೆಯೊಂದರ ನಿರ್ದೇಶಕರಾದ ಮುಖ್ಯ ಅತಿಥಿ ತುಟಿ ನೆಕ್ಕಿ, ಉಪ್ಪೆಂದು ಕಂಡುಕೊಂಡು, "ಇದು ಯಾರ ಕೆಲಸ?" ಎಂದು ಮೆಲ್ಲಗೆ ಕೇಳಿದರು. ಅವರು ಮೆಲ್ಲಗೆ ಕೇಳಿದಾಗ ಜನ ಹೆಚ್ಚು ಹೆದರುತ್ತಿದ್ದರು.

"ನಂದಲ್ರೀ," ಎಂದ ನೀಲೇಶ. "ನಾ ಬರೇ ಮಾತಾಡಿದ್ದು."

"ನಮ್ಮ ನೀಲೇಶ ಇದಕ್ಕ ಬೊಟ್ಟು ಸಹಿತ ಹಚ್ಚಿಲ್ಲ," ಎಂದರು ದಿಗಂಬರಪ್ಪ. "ಎಲ್ಲಾ ಆ ಬಾಯಿದು. ತೊಟ್ಟಿ ಆಕಿದು, ಬರ್ಫ ಆಕಿದು, ಉಪ್ಪೂ ಆಕಿದು."

ಮಾಣಿಕಮ್ಮ ಒದ್ದೆ ಸೆರಗು ಹಿಂಡುತ್ತ ಚೀಲದಿಂದ ಕಾಗದ ತೆಗೆದರು. "ಹಂಗಿದ್ರ ಬರೆದುಕೊಡ್ರಿ. ಫಲಕದಾಗ ಬ್ಯಾರೆ ಹೆಸರದ. ನನ್ನ ವರದಿಗಿ ಹಚ್ಚಬೇಕು."

ಅತಿಥಿಯ ಕಣ್ಣೆದುರಿಗೆ ದಿಗಂಬರಪ್ಪ ಉತ್ಸಾಹದಿಂದಲೇ ಬರೆದರು: 'ಈ ಪ್ರಯೋಗದ ಕಲ್ಪನೆ, ರಚನೆ, ಸಮಸ್ತ ಜವಾಬ್ದಾರಿ ವಿಜಯಶ್ರೀ ಖಂಡೆಪ್ಪ ಅವರದು. ನೀಲೇಶನಿಗೂ ಇದಕ್ಕೂ ಎಳ್ಳಷ್ಟೂ ಸಂಬಂಧವಿಲ್ಲ.' ಸಹಿ ಮಾಡಿ, ಸಂಸ್ಥೆಯ ಮೊಹರನ್ನು ತರಿಸಿ ಒತ್ತಿದರು.

ಮಾಣಿಕಮ್ಮ ಅದರ ಕೆಳಗೆ ಎರಡು ಸಾಲು ಬರೆದು ತಿರುಗಿಸಿ ಹಿಡಿದರು. ದಿಗಂಬರಪ್ಪ ಓದಿದರು, ಓದುತ್ತ ಓದುತ್ತ ಬಟ್ಟೆಯ ಕೆಂಪು ಹಾಗೇ ಉಳಿದು ಅವರ ಮುಖ ಮಾತ್ರ ಬಿಳುಪಾಯಿತು.

"ಅತ್ಯುತ್ತಮ? ಇದು ತಪ್ಪಿನ ಕಾಗದ ಅಲ್ಲೇನ್ರೀ?"

"ತಪ್ಪು ಎಲ್ಲದ? ದಕ್ಷಿಣ ಧ್ರುವದ ಕಡಲಾಗೂ ಬರೋಬರ ಹಿಂಗೇ ಮುರೀತದ. ಮುರಿಯೋ ಹಿಂದಿನ ದಿನದ ತನಕ ಮ್ಯಾಲ ನಿಂತವ್ರಿಗಿ ಸಂಗಮರವರಿನೇ ಕಾಣ್ತದ." ಮಾಣಿಕಮ್ಮ ವಿಜಯಶ್ರೀಯ ಕಡೆ ತಿರುಗಿದರು. "ಉಪ್ಪು ಎಷ್ಟು ಹಾಕಿದ್ದೆವ್ವಾ?"

"ಲೀಟರಿಗಿ ಐವತ್ತು ಗ್ರಾಂ ರೀ. ತೊಟ್ಟಿ ನೀರಿಗಿ ಮೂವತ್ತೈದು."

"ಛಲೋ ಮಾಡಿದಿ."

ವಿಜಯಶ್ರೀ ಕಾಗದವನ್ನು ಕೇಳಿ ಪಡೆದು, ಬಸ್ ನಿಲ್ದಾಣದೆದುರಿನ ಅಂಗಡಿಗೆ ನಡೆದುಹೋಗಿ ಮೂರು ಝೆರಾಕ್ಸ್ ಮಾಡಿಸಿದಳು. ಒಂದನ್ನು ತಂದೆಯ ಕೈಗೆ ಕೊಟ್ಟಳು, ಒಂದನ್ನು ತಾನಿಟ್ಟುಕೊಂಡಳು. ಮೂರನೆಯದನ್ನು ಮೂಲಪ್ರತಿಯ ಜೊತೆಗೆ ಮಾಣಿಕಮ್ಮನವರ ಚೀಲದೊಳಗೆ ತಾನೇ ಇಟ್ಟು ಗುಂಡಿ ಹಾಕಿದಳು. ಅಧ್ಯಕ್ಷರ ಮಾತು ಅವರ ಸಹಿಯ ಮಸಿ ಒಣಗುವ ಮೊದಲೇ ಬದಲಾಗುವುದನ್ನು ಅವಳು ಒಂಬತ್ತು ವರ್ಷ ತಾಸಿನ ಲೆಕ್ಕದಲ್ಲೇ ಕಲಿತಿದ್ದಳು.