ಕಾಗದದಷ್ಟೇ ಅಗಲ

ವೆಬ್‌ಸೈಟಿಗೂ ಕರಡು ತಿದ್ದಿ ಸಹಿ ಹಾಕುವ ಪುಣ್ಯಾತ್ಮರು ಬೇರೆಲ್ಲಾದರೂ ಇದ್ದಾರೋ ಗೊತ್ತಿಲ್ಲ, ಮಲ್ಲೇಶ್ವರದಲ್ಲಂತೂ ಒಬ್ಬರಿದ್ದಾರೆ. ಹೆಸರು ಪಂಚಾಕ್ಷರಯ್ಯ. ಬಡ ಹೆಣ್ಣುಮಕ್ಕಳಿಗೆ ಉಚಿತ ಹಾಸ್ಟೆಲ್ ನಡೆಸುವ ಟ್ರಸ್ಟಿನ ಕಾರ್ಯದರ್ಶಿ. ನಲವತ್ತು ವರ್ಷ ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿದವರು. ಹಾಸ್ಟೆಲಿನ ಅರ್ಜಿ ತುಂಬುವ ಪುಟ ಮಾಡಿಕೊಡು ಎಂದು ವೆಬ್‌ಸೈಟ್ ಕೆಲಸ ಮಾಡುವ ನನ್ನನ್ನು ಕರೆಸಿದರು. ಮಾಡಿದೆ. ಅದನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿ, ಸ್ಕೇಲ್ ಇಟ್ಟು ಅಳೆದು, ಕೆಂಪು ಇಂಕಿನಲ್ಲಿ ಸಹಿ ಹಾಕಿ, ಇನ್ನು ಕೂದಲೆಳೆಯಷ್ಟೂ ಅಲ್ಲಾಡಕೂಡದು ಎಂದರು.

ಫೋನಿನಲ್ಲಿ ಪುಟ ಕಿರಿದಾಗಬೇಕು, ಬಲಗಡೆಯದು ಕೆಳಗಿಳಿಯಬೇಕು ಎಂದು ಬಡಕೊಂಡೆ. ಸಹಿಯಾದ ಮೇಲೆ ಜಾಗ ಬದಲಾದರೆ ಅದು ಮೋಸವಂತೆ. ಬೆರಳು ತಾಗಿ ಪುಟ ಪಕ್ಕಕ್ಕೆ ಜಾರುವುದನ್ನೂ ನನ್ನ ಕೈಯಲ್ಲೇ ನಿಲ್ಲಿಸಿಬಿಟ್ಟರು. ಹಾಳಾಗಿ ಹೋಗಲಿ ಎಂದು ನಾನೂ ಪುಟದ ಅಗಲವನ್ನು ಆ ಹಾಳೆಯಷ್ಟಕ್ಕೇ ಬಿಗಿದು ಕೈ ತೊಳೆದುಕೊಂಡೆ. ಆ ಸಿಟ್ಟು ನನಗೆ ನನ್ನ ಮೇಲೂ ಇದೆ.

ಅರ್ಜಿಯ ಕೊನೆಯ ದಿನಾಂಕ ಕಳೆದ ಮಾರನೆಯ ಬೆಳಿಗ್ಗೆ ನಾನು ಟ್ರಸ್ಟಿನ ಆಫೀಸಿನಲ್ಲಿದ್ದಾಗ ಪಾರ್ವತಮ್ಮ ಎನ್ನುವವರು ಬಂದರು. ಮಾಗಡಿಯ ಆಸ್ಪತ್ರೆಯಲ್ಲಿ ಆಯಾ. ಮಗಳು ವಿಶಾಖಾಗೆ ಇಲ್ಲಿ ಕಾಲೇಜು ಸೀಟು ಸಿಕ್ಕಿದೆ. ಹಾಸ್ಟೆಲ್ ಸಿಗದಿದ್ದರೆ ಓದು ಬಿಡಿಸಬೇಕು, ದಿನಾ ಓಡಾಡುವುದು ಆಗದ ಮಾತು. ಮೂರು ದಿನ ತಾಯಿ ಮಗಳು ಫೋನಿನಲ್ಲಿ ಅರ್ಜಿ ತುಂಬಿದ್ದಾರೆ, ಕಳುಹಿಸುವ ಬಟನ್ ಮಾತ್ರ ಕಂಡಿಲ್ಲ. ಹೇಗೆ ಕಾಣುತ್ತದೆ? ಅದಿದ್ದದ್ದು ಬಲತುದಿಯಲ್ಲಿ, ಫೋನಿನ ಪರದೆಯಿಂದ ಆಚೆ.

ದಿನಾಂಕ ಮುಗಿಯಿತು, ಆಯ್ಕೆ ಪಟ್ಟಿಯನ್ನೂ ಗೋಡೆಗೆ ಹಾಕಿಯಾಯಿತು ಎಂದರು ಪಂಚಾಕ್ಷರಯ್ಯ. ನನಗೆ ಮೈಯೆಲ್ಲ ಉರಿದುಹೋಯಿತು. ಕಂಪ್ಯೂಟರ್ ಅವರ ಕಡೆ ತಿರುಗಿಸಿ ತೋರಿಸಿದೆ. ಫೋನಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪುಟ ತೆರೆದಿದ್ದರು, ಒಂದು ಅರ್ಜಿಯೂ ಬಂದಿರಲಿಲ್ಲ. ಬಂದ ಹದಿನಾಲ್ಕೂ ಮನೆಯಲ್ಲಿ ಕಂಪ್ಯೂಟರ್ ಇದ್ದವರವು. ಬಡವರ ಹಾಸ್ಟೆಲ್ಲಂತೆ, ಯಾವ ಬಾಯಲ್ಲಿ ಹೇಳುವುದು?

"ನೀವೇ ನಿಮ್ಮ ಫೋನಲ್ಲಿ ಒಂದು ಅರ್ಜಿ ತುಂಬಿ ಸಾರ್, ನೋಡೋಣ," ಎಂದೆ.

ತುಂಬಿದರು. ಹೆಬ್ಬೆರಳು ಮೇಲೆ ಕೆಳಗೆ ಓಡಾಡಿತು. ಕನ್ನಡಕ ಒರೆಸಿಕೊಂಡು ಮತ್ತೆ ಹುಡುಕಿದರು.

"ಎಲ್ಲಿದೆಯಮ್ಮ ಶಿವರಂಜಿನಿ, ಬಟನ್ನು?" ಎಂದು ನನ್ನನ್ನೇ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಪಾರ್ವತಮ್ಮ ತಗ್ಗಿದ ದನಿಯಲ್ಲಿ ಹೇಳಿದರು. "ಸರಿಯಾಗಿ ಹುಡುಕ್ತಿಲ್ಲ ಅಂತ ನಿನ್ನೆ ನನ್ ಮಗಳಿಗೆ ಹೊಡೆದ್ಬಿಟ್ಟೆ ಸಾರ್."

ಅಷ್ಟು ಹೊತ್ತು ಕಾನೂನು ಹೇಳುತ್ತಿದ್ದ ಮನುಷ್ಯ ಫೋನನ್ನು ಮೇಜಿನ ಮೇಲಿಟ್ಟರು. ಅವರು ಎದ್ದು ಹೋಗಿ ಗೋಡೆಯ ಪಟ್ಟಿಯನ್ನು ತಾವೇ ಕಿತ್ತರು. ಇನ್ನೊಂದು ವಾರ ಅರ್ಜಿ ತಗೊಳ್ಳೋಣ, ಪುಟ ಫೋನಿಗೆ ಹೊಂದುವ ಹಾಗೆ ಈಗಲೇ ಮಾಡು ಎಂದರು. ಹತ್ತು ನಿಮಿಷದ ಕೆಲಸ. ಬರೀ ಹತ್ತು ನಿಮಿಷ, ಥೂ ನನ್ನ ಜನ್ಮಕ್ಕಿಷ್ಟು.

ಪಾರ್ವತಮ್ಮ ಅದಕ್ಕೂ ಕಾಯಲಿಲ್ಲ. ಬಾಗಿಲಾಚೆ ನಿಂತು ಮಗಳಿಗೆ ಫೋನ್ ಮಾಡಿದರು. ಸೀಟಿನ ಮಾತು, ಇನ್ನೊಂದು ವಾರದ ಮಾತು, ಯಾವುದನ್ನೂ ಎತ್ತಲಿಲ್ಲ.

"ನಿನ್ ತಪ್ಪಲ್ಲ ಕಣೇ," ಎಂದರು. "ಬಟನ್ನು ಅವರಿಗೂ ಸಿಗ್ಲಿಲ್ಲ."